ಅಳಿಯನಿಗೆ ಹೋಳಿಗೆ ಆಗುತ್ತದೆ!

ಮದುವೆಯಾದ ಮೇಲೆ ಮೊದಲ ಸಲ ಮನೆಗೆ ಬಂದ ಅಳಿಯನಿಗೆ ನಾನು ಬಡಿಸಿದ್ದೇನು ಗೊತ್ತೇ? ಅನ್ನ, ಮೊಸರು, ಬದನೆಕಾಯಿ ಪಲ್ಯ!

ಹಳಿಯಾಳದ ನಮ್ಮ ಓಣಿಯಲ್ಲಿ ಇದು ದೊಡ್ಡ ಸುದ್ದಿಯಾಯಿತು. ನಮ್ಮ ಕಡೆ ಅಳಿಯ ಬಂದರೆ ಹೋಳಿಗೆ ಆಗಲೇಬೇಕು. ಸಾಕೆಂದು ಆತ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದನ್ನು ಜಾರಿಸಬೇಕು. ಅಂಥದ್ದರಲ್ಲಿ ಮೊಸರನ್ನವೇ? 'ಅಳಿಯನ ಜೋಡಿ ಜಗಳೇನ್ರಿ?' ಎಂದು ಪಕ್ಕದ ಮನೆಯಾಕೆ ಕೇಳಿಯೇಬಿಟ್ಟಳು.

ಜಗಳವಲ್ಲ, ಭಯ. ಅಳಿಯ ಪ್ರವೀಣನಿಗೆ ಶೇಂಗಾ ಅಲರ್ಜಿ. ಚೂರು ಬಾಯಿಗೆ ಹೋದರೂ ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. (ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದ ಮನೆ ನಮ್ಮಲ್ಲಿ ಎಲ್ಲಿದೆ ಹೇಳಿ!) ಸಾಲದ್ದಕ್ಕೆ ರಕ್ತ ಪರೀಕ್ಷೆಯಲ್ಲಿ ಹೂರಣಕ್ಕೆ ಹಾಕುವ ಕಡಲೆಬೇಳೆಯ ಹೆಸರೂ ಬಂದಿತ್ತು. ಅಂದಿನಿಂದ ಆತ ಹೋಳಿಗೆಯನ್ನೇ ಬಿಟ್ಟಿದ್ದ. ಮುಂಡಗೋಡದ ನನ್ನ ಅಕ್ಕ ತೀರ್ಪು ಕೊಟ್ಟಳು: 'ಶೇಂಗಾನೂ ಕಾಳ, ಕಡ್ಲಿನೂ ಕಾಳ. ಎಲ್ಲಾ ಒಂದ ಮನಿತನ. ಯಾವುದೂ ಬ್ಯಾಡ.' ತೊಗರಿಬೇಳೆ ಸಾರು ಆತ ದಿನಾ ಉಣ್ಣುತ್ತಿದ್ದ. ಆದರೂ ಹೆದರಿ ಅದನ್ನೂ ಬಂದ್ ಮಾಡಿದೆ!

ಕೊನೆಗೆ ಮಗಳು ಆತನನ್ನು ಧಾರವಾಡದ ಅಲರ್ಜಿ ಡಾಕ್ಟರ್ ಹತ್ತಿರ ಕರೆದೊಯ್ದಳು. ನಾನೂ ಬಸ್ ಹತ್ತಿದೆ.

'ಒಂದು ಕಾಳು ಆಗದವರಿಗೆ ಎಲ್ಲಾ ಕಾಳೂ ಆಗೂದಿಲ್ಲಂತ ಏನಿಲ್ರಿ' ಎಂದರು ಡಾಕ್ಟರ್. 'ಕೆಲವರಿಗೆ ತ್ರಾಸ ಆಗತೈತಿ, ಭಾಳ ಮಂದಿಗೆ ಆಗೂದಿಲ್ಲ. ರಕ್ತದಾಗ ಕಂಡದ್ದೆಲ್ಲಾ ಮೈಗೆ ತ್ರಾಸ ಕೊಡಂಗಿಲ್ಲ. ಕಡ್ಲಿಬ್ಯಾಳಿ ಕುದಿಸಿ ತರ್ರಿ, ನಮ್ಮ ಕಣ್ಣಮುಂದ ತಿನ್ನಿಸಿ ನೋಡೂಣು. ಮನ್ಯಾಗ ಮಾತ್ರ ಪ್ರಯೋಗ ಬ್ಯಾಡ.'

ಮುಂದಿನ ವಾರ ಹೊಸ ಪಾತ್ರೆಯಲ್ಲಿ ಬೇಳೆ ಬೇಯಿಸಿ ಡಬ್ಬಿ ಹಿಡಿದು ಹೋದೆ. ಇಂಜೆಕ್ಷನ್ ಪಕ್ಕದಲ್ಲಿಟ್ಟುಕೊಂಡೇ ಡಾಕ್ಟರ್ ಮೊದಲು ಚೂರು, ಆಮೇಲೆ ಚಮಚ, ಹೀಗೆ ಹೆಚ್ಚಿಸುತ್ತ ತಿನ್ನಿಸಿದರು. ನಾನು ಅಳಿಯನ ತುಟಿಯನ್ನೇ ನೋಡುತ್ತ ಕುಳಿತೆ. (ಮಗಳೂ ಅಷ್ಟು ದಿಟ್ಟಿಸಿ ನೋಡಿರಲಿಕ್ಕಿಲ್ಲ.)

ಏನೂ ಆಗಲಿಲ್ಲ! ತುಟಿ ಊದಲಿಲ್ಲ, ಕೆಮ್ಮು ಬರಲಿಲ್ಲ. ಹೊರಡುವಾಗ ಅಳಿಯ ಡಬ್ಬಿಯೊಳಗೆ ಇಣುಕಿ, 'ಅತ್ತಿ, ಮುಗೀತೇನ್ರಿ?' ಎಂದ. ಆಸ್ಪತ್ರೆ ಎಂಬುದನ್ನೂ ಮರೆತು ಚಪ್ಪಾಳೆ ಹೊಡೆದೆ!

ಬಂತು ದೀಪಾವಳಿ. ಬೆಳಗಿನಿಂದ ಹೂರಣ ರುಬ್ಬಿದ್ದೇ ರುಬ್ಬಿದ್ದು. ಅಳಿಯ ತುಪ್ಪ ಸುರಿಸಿಕೊಂಡು ಎರಡನೇ ಹೋಳಿಗೆ ಮುರಿದ. ನೋಡಿಯೇ ನನ್ನ ಹೊಟ್ಟೆ ತುಂಬಿತು.

ಆಗ ಅಕ್ಕ ಊರಿಂದ ತಂದ ಚೀಲ ಬಿಚ್ಚಿದಳು. ಶೇಂಗಾ ಹೋಳಿಗೆ!

'ಕಡ್ಲಿ ನಡೀತಂದ್ರ ಇದೂ ನಡೀತೈತಿ. ಒಂದ ಮನಿತನ ಅಲ್ಲೇನು?'

'ಬ್ಯಾಡ್ರಿ' ಎಂದು ಅಳಿಯ ಎಲೆಗೆ ಕೈ ಅಡ್ಡ ಹಿಡಿದ.

'ಅತ್ತಿ ಮನ್ಯಾಗ ನಾಚಿಕಿ ಏನ್ರಿ!' ಅಕ್ಕ ನಗುತ್ತ ಹೋಳಿಗೆ ಹಿಡಿದು ಬಗ್ಗಿದಳು. ನಾನು ಹಾರಿಹೋಗಿ ಅವಳ ಕೈ ಹಿಡಿದೆ. ಹೋಳಿಗೆ ನನ್ನ ಸೀರೆಯ ಮೇಲೆ ಬಿತ್ತು, ಪುಣ್ಯ! ಸೀರೆ ಒಗೆದರೆ ಆಯಿತು.

ಒತ್ತಾಯ ಮಾಡಿ ಬಡಿಸುವುದು ನಮ್ಮ ಹೆಮ್ಮೆ, ಒಪ್ಪಿದೆ. ಆದರೆ ಉಣ್ಣುವವನು ಕೈ ಅಡ್ಡ ಹಿಡಿದಾಗ ನಾವು ನೋಡಬೇಕಾದದ್ದು ಅವನ ಮುಖವನ್ನೋ, ಬೆರಳ ಸಂದಿಯನ್ನೋ?