ಕತ್ತಿನ ಮಾಂಸಕ್ಕೆ ಬಂದ ತೊಡೆ ಯಜಮಾನರು

ಬೆಳಿಗ್ಗೆ ಆರು ನಲವತ್ತಕ್ಕೆ ತೊಡೆ ಯಜಮಾನರು ಮಾಂಸದಂಗಡಿಯಲ್ಲಿ ಎಳೆಗುರಿಯ ಕತ್ತನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಜನ್ಮವಿಡೀ ತೊಡೆಯನ್ನೇ ಕೊಂಡು ಆ ಹೆಸರು ಸಂಪಾದಿಸಿದವರು; ಮಿಕ್ಕದ್ದೆಲ್ಲ ನಾಯಿಗೆ ಎನ್ನುತ್ತಿದ್ದವರು. "ಏನ್ ಯಜಮಾನ್ರೇ, ತೊಡೆ ಜತೆ ಜಗಳಾನಾ?" ಎಂದು ಅಂಗಡಿಯವನು ನಕ್ಕ. "ಇದು ಮೆತ್ತಗಾಗತ್ತೇನಪ್ಪಾ?" "ಸಣ್ಣ ಉರೀಲಿ ಮೂರು ಗಂಟೆ ಬಿಡಿ, ಮೂಳೆ ತಾನೇ ಕಳಚತ್ತೆ." ತೊಡೆಯ ನಾರು ಅಗಿಯಲಾಗದೆ ಹೆಂಡತಿ ತಿಂಗಳಿಂದ "ನಂಗೆ ಸಾರೇ ಸಾಕು" ಎನ್ನುತ್ತಿದ್ದಳು. ಯಜಮಾನರು ಒಲೆಯ ಮುಂದೆ ಕುರ್ಚಿ ಹಾಕಿಕೊಂಡು, ಸಾರು ಕೊತಕೊತ ಎಂದಾಗಲೆಲ್ಲ ಉರಿ ತಗ್ಗಿಸುತ್ತ ಕೂತರು. "ಬಾಣಂತಿ ಕಾಯೋ ಹಾಗೆ ಕೂತಿದೀರಲ್ರೀ!" ಎಂದು ರೇಗಿಸಿದವಳು ಊಟದಲ್ಲಿ ಎರಡನೇ ಸಲ ಬಡಿಸಿಕೊಂಡಳು. ಎಡ ಬಲದ ಚಪ್ಪಲಿ ಅದಲುಬದಲು ಮೆಟ್ಟುವಷ್ಟು ಮರೆವಿನ ಮನುಷ್ಯ ಇವರು. ಆದರೂ ಹಿಂದೊಮ್ಮೆ ಹಲ್ಲಿನ ಡಾಕ್ಟರು "ಎಷ್ಟು ಹಲ್ಲು ಉಳಿದಿವೆ, ಅಮ್ಮಾ?" ಎಂದಾಗ ಅವಳು ತಡವರಿಸಿದರೆ, ಇವರು ಬಾಗಿಲ ಬಳಿಯಿಂದಲೇ ಹೇಳಿದ್ದರು: "ಹನ್ನೊಂದು."