ಅತ್ತಿಗೆ ಕೈ ಹಾಕಿದ ಮೇಲೇ ಇಳಿದದ್ದು

ನಾನು ಸುಳ್ಳು ಹೇಳಿದೆ. ತಿಳಿದೂ ತಿಳಿದೂ ಹೇಳಿದೆ. ನಮ್ಮ ಮನೆಯ ದೋಣಿವಿಹಾರದ ವೆಬ್‌ಸೈಟು ಸರ್ಚ್‌ನ ಮೊದಲ ಪುಟದಿಂದ ಜಾರಿ ಎಲ್ಲೋ ಕೆಳಗೆ ಬಿದ್ದಾಗ, ಅದಕ್ಕೆ ನನ್ನ ಅತ್ತಿಗೆಯೇ ಕಾರಣ ಎಂದು ಮನೆಯವರೆದುರು ಹೇಳಿದೆ — ಕಾರಣ ಅವಳಲ್ಲ ಎಂಬುದು ಗೊತ್ತಿದ್ದೂ.

ಇಷ್ಟೇನಾ ಅನಿಸಬಹುದು ನಿಮಗೆ. ವೆಬ್‌ಸೈಟು ಎಂದ ಮೇಲೆ ಏರುತ್ತದೆ, ಇಳಿಯುತ್ತದೆ, ಅದಕ್ಕೂ ಒಂದು ತಪ್ಪೊಪ್ಪಿಗೆಯೇ? ನಾನೂ ಬಹಳ ಕಾಲ ನನ್ನೊಳಗೆ ಹೀಗೇ ವಾದಿಸಿಕೊಂಡೆ. ವಾದ ನನಗೆ ಚೆನ್ನಾಗಿ ಬರುತ್ತದೆ. ಕುಮಟಾದ ಕಾಲೇಜಿನಲ್ಲಿ ನಾನು ಚರ್ಚಾ ಸ್ಪರ್ಧೆಗಳ ಹುಡುಗಿ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ನಿಶ್ಚಯವಾಗುತ್ತಿತ್ತು. ಯಾವುದು ಬಂದರೂ ಗೆದ್ದು ಬರುತ್ತಿದ್ದೆ. ಶಕುನ, ದೃಷ್ಟಿ, ಗಳಿಗೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಸಾಕ್ಷಿ ಕೇಳುತ್ತಿದ್ದೆ. ಮನೆಯಲ್ಲಿ ನನ್ನನ್ನು ವಕೀಲಮ್ಮ ಎಂದೇ ಛೇಡಿಸುತ್ತಿದ್ದರು.

ಹೊನ್ನಾವರದ ಬಳಿ, ಶರಾವತಿ ಸಮುದ್ರ ಸೇರುವ ಕಡೆ ನಮ್ಮ ಮನೆ. ಅಣ್ಣ ಮಂಜುನಾಥ ಪ್ರವಾಸಿಗರನ್ನು ಕೂರಿಸಿಕೊಂಡು ಕಾಂಡ್ಲಾ ಮರಗಳ ನಡುವೆ ದೋಣಿ ಬಿಡುತ್ತಾನೆ — ಉಪ್ಪುನೀರಿನಲ್ಲೇ ಬೇರು ಊರಿ ನಿಲ್ಲುತ್ತವಲ್ಲ, ಆ ಮರಗಳು. ಅವನ ಹೆಂಡತಿ ನಾಗವೇಣಿ, ಸಂತೆಗುಳಿಯ ಹುಡುಗಿ. ಅವಳು ಮದುವೆಯಾಗಿ ಬಂದ ತಿಂಗಳಲ್ಲೇ, ಮಳೆಗಾಲಕ್ಕೆ ಮುಂಚಿನ ಗಾಳಿಗೆ ಅಣ್ಣನ ದೋಣಿ ಹಗ್ಗ ಹರಿದುಕೊಂಡು ಹೋಗಿ ಸೇತುವೆಯ ಕಂಬಕ್ಕೆ ಬಡಿದು ಸೀಳಿತು. ನನ್ನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಆಯಿ ಜಗಲಿಯಲ್ಲಿ ಕೂತು ಯಾರಿಗೂ ಅಲ್ಲ ಎಂಬಂತೆ, ಆದರೆ ಒಳಗೆ ಕೇಳುವಂತೆ ಹೇಳಿದಳು, "ಹೊಸ ಕಾಲು ಒಳಗೆ ಬಂತು, ದೋಣಿ ಹೊರಗೆ ಹೋತು."

ನಾನು ಬಿಡುತ್ತೇನೆಯೇ?

"ಅದೇ ಗಾಳಿಗೆ ಆಚೆಮನೆ ಪಾಂಡು ಮಾವನ ದೋಣಿಯೂ ಒಡೀತಲ್ಲ ಆಯಿ. ಅವರ ಮನೆಗೆ ಯಾವ ಸೊಸೆ ಬಂದಿದ್ಲು?"

"ಅವಂದು ಬೇರೆ ವಿಷಯ."

"ಎಂತ ಬೇರೆ? ಆ ಮನುಷ್ಯಂಗೆ ಮದುವೆಯೇ ಆಗ್ಲಿಲ್ಲ!"

ಆಯಿಗೂ ನಗು ತಡೆಯಲಿಲ್ಲ. "ನಿನ್ನ ಹತ್ರ ಮಾತಾಡೂಕೆ ಆಗೂದಿಲ್ಲ ಮಾರಾಯ್ತಿ" ಎಂದು ಎದ್ದುಹೋದಳು. ಸಂಜೆ ಅತ್ತಿಗೆ ಹಿತ್ತಲಿಗೆ ನನ್ನನ್ನು ಹುಡುಕಿಕೊಂಡು ಬಂದಳು.

"ನೀ ಹೇಳಿದ್ದು ಖರೇನಾ ಅಕ್ಷತಾ? ಒಂದಾದ ಮೇಲೆ ಇನ್ನೊಂದು ಆತು ಅಂದ್ರೆ, ಇದರಿಂದಲೇ ಅದು ಆತು ಅಂತ ಅಲ್ದಾ?"

"ಅಲ್ಲ ಅತ್ತಿಗೆ. ಅದು ಬರೀ ಹಿಂದೆಮುಂದೆ. ಕಾರಣ ಅನ್ನೂಕೆ ಆಧಾರ ಬೇಕು."

"ನಾ ಹುಟ್ಟಿದ ದಿನ ಅಜ್ಜ ತೀರಿಹೋದ್ರಂತೆ. ಊರಲ್ಲಿ ಒಳ್ಳೆ ಕೆಲಸಕ್ಕೆ ನನ್ನ ಯಾರೂ ಮುಂದೆ ಕರೀತಿರ್ಲಿಲ್ಲ." ಮರುಕ ಬೇಡುವ ಧಾಟಿಯಿರಲಿಲ್ಲ, ಲೆಕ್ಕ ಸರಿಪಡಿಸಿಕೊಳ್ಳುವವಳಂತೆ ಹೇಳಿದಳು. ಆಮೇಲೆ ನಕ್ಕಳು. ಅಷ್ಟು ವರ್ಷ ಹೊತ್ತದ್ದನ್ನು ಯಾರೋ ಇಳಿಸಿಕೊಟ್ಟರೆ ನಗುತ್ತಾರಲ್ಲ, ಹಾಗೆ. ನಾನು ಗೆದ್ದ ಯಾವ ಕಪ್ಪೂ ನನಗೆ ಅಷ್ಟು ಹೆಮ್ಮೆ ಕೊಟ್ಟಿರಲಿಲ್ಲ. ಅವಳು ನಂಬಿದ್ದು ತರ್ಕವನ್ನಲ್ಲ — ನನ್ನನ್ನು. ಅದು ಆಗ ನನಗೆ ಹೊಳೆಯಲಿಲ್ಲ.

ದೋಣಿ ರಿಪೇರಿಯಾಯಿತು. ನಾನು ವೆಬ್‌ಸೈಟು ಮಾಡಿದೆ. ಅತ್ತಿಗೆ ಫೋಟೋ ಹಾಕಲು ಕಲಿತಳು, ಆಮೇಲೆ ಬರೆಯಲೂ ತೊಡಗಿದಳು. ಉಬ್ಬರ ಯಾವಾಗ, ಇಳಿತ ಯಾವಾಗ, ಮಕ್ಕಳಿಗೆ ಯಾವ ಹೊತ್ತು ಒಳ್ಳೆಯದು — ಜನ ಅವಳ ಪುಟಗಳನ್ನು ಓದಿ ಫೋನ್ ಮಾಡುತ್ತಿದ್ದರು. ಸೈಟು ಮೊದಲ ಪುಟಕ್ಕೆ ಬಂತು. ಮುಖಪುಟ ಮಾತ್ರ ನನ್ನದಾಗಿ ಉಳಿದಿತ್ತು: 'ಭೂಲೋಕದ ಸ್ವರ್ಗ, ಮರೆಯಲಾಗದ ಅನುಭವ' ಇತ್ಯಾದಿ. ಒಂದು ಗುರುವಾರ ಅತ್ತಿಗೆ ಅದನ್ನೂ ಬದಲಿಸಿದಳು. 'ನೀರು ಇಳಿದಿದ್ದರೆ ಬೇರು ಕಾಣುತ್ತದೆ, ಏರಿದ್ದರೆ ಎಲೆ ಕೈಗೆ ಸಿಗುತ್ತದೆ. ಎರಡೂ ಒಂದೇ ಸಲಕ್ಕೆ ಸಿಗುವುದಿಲ್ಲ, ಮೊದಲೇ ಹೇಳುತ್ತಿದ್ದೇವೆ.' ಅಣ್ಣ ಅದನ್ನು ಗಟ್ಟಿಯಾಗಿ ಓದಿ, "ಇದು ಖರೆ ನಮ್ಮ ಹೊಳೆ ನೋಡು. ಸ್ವರ್ಗ ಅಂತೆ ಸ್ವರ್ಗ, ಯಾರು ಕಂಡದ್ದು ಅದ್ನ?" ಎಂದು ನನ್ನತ್ತ ನೋಡಿ ನಕ್ಕ. ನಾನೂ ನಕ್ಕೆ. ಚುಚ್ಚಿತು — ಅದನ್ನೂ ಇಲ್ಲೇ ಹೇಳಿಬಿಡಬೇಕು.

ಮುಂದಿನ ವಾರಕ್ಕೆ ಫೋನ್ ಸುಮ್ಮನಾಯಿತು. ಸರ್ಚ್‌ನಲ್ಲಿ ನಾವು ಎರಡನೇ ಪುಟದಲ್ಲೂ ಇರಲಿಲ್ಲ. ಅಣ್ಣ ಎರಡನೇ ದೋಣಿಗೆಂದು ಮಾತು ಕೊಟ್ಟು ಬಂದಿದ್ದ ಸಮಯ ಅದು. ಮುಖ ಬಾಡಿಸಿಕೊಂಡು ಜಗಲಿಗೆ ಬಂದು ಕೂತ. ಆಯಿ ಇದ್ದಳು, ಅತ್ತಿಗೆ ಇದ್ದಳು. ಅಣ್ಣ ನನ್ನತ್ತ ತಿರುಗಿದ.

"ಹೊಳೆ ಇಳದ್ರೆ ಎಂತಕ್ಕೆ ಇಳೀತು ಅಂತ ನಾ ಹೇಳ್ತೆ. ಇದು ಎಂತಕ್ಕೆ ಇಳದದ್ದು? ನೀನೇ ಅಲ್ದಾ ನೋಡ್ಕಳ್ಳುದು, ಹೇಳು."

'ನಂಗೆ ಗೊತ್ತಿಲ್ಲ' ಎನ್ನಬೇಕಿತ್ತು. ಅಷ್ಟೇ. ಆದರೆ ವೇದಿಕೆಯ ಮೇಲೆ ಆ ಮಾತು ಆಡಿದವರು ಸೋತು ಕೆಳಗಿಳಿಯುವುದನ್ನೇ ನೋಡುತ್ತ ಬೆಳೆದವಳು ನಾನು. ಬಾಯಿಗೆ ಬಂದದ್ದು ಇನ್ನೊಂದು.

"ಅತ್ತಿಗೆ ಕೈ ಹಾಕಿದ ಮೇಲೇ ಇಳಿದದ್ದು."

ಆಯಿ "ಹೂಂ" ಎಂದಳು — ಬರೀ ಹೂಂ. ಆಯಿ ಅಂದು ಕಾಲಿನ ಮಾತಾಡಿದ್ದಳು; ನಾನು ಕೈಯನ್ನೂ ಸೇರಿಸಿಕೊಟ್ಟೆ. ಅತ್ತಿಗೆ ತನ್ನ ಫೋನನ್ನು ಮೆಲ್ಲಗೆ ಜಗಲಿಯ ಮೇಲಿಟ್ಟು, ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಏನೋ ಅಂಟಿದೆಯೆಂಬಂತೆ. ಮತ್ತೆ ಒರೆಸಿಕೊಂಡಳು.

ಸಿಟ್ಟಿನಲ್ಲಿ ಬಂದ ಮಾತು, ನಿಜ ತಿಳಿದದ್ದು ಆಮೇಲೆ — ಎಂದು ಬರೆದು ಮುಂದೆ ಹೋಗೋಣವೆಂದಿದ್ದೆ. ಇಲ್ಲ. ಅಂದು ಬೆಳಿಗ್ಗೆಯೇ ನಾನು ಸೈಟಿನ ವರದಿ ತೆರೆದಿದ್ದೆ. ನೋಡುವವರ ಲೆಕ್ಕದ ಗೆರೆ ಕೆಳಗೆ ಬಾಗಿದ್ದು ಸೋಮವಾರ. ಅತ್ತಿಗೆ ಪುಟ ಬದಲಿಸಿದ್ದು ಅದಾಗಿ ಬಂದ ಗುರುವಾರ. ಮೊದಲು ನಡೆದದ್ದೇ ಕಾರಣವಲ್ಲ ಎಂಬ ವಾದವೂ ಬೇಕಿರಲಿಲ್ಲ. ಅವಳು ಕೈ ಹಾಕಿದ್ದೇ ಇಳಿದ ಮೇಲೆ! ಅಷ್ಟೂ ಸಾಲದೆಂದು ಭಟ್ಕಳದಲ್ಲಿ ಸಣ್ಣ ಲಾಡ್ಜು ನಡೆಸುವ, ನಮಗೆ ಗಿರಾಕಿ ಕಳಿಸುವ ಇಮ್ತಿಯಾಜ್ ಭಾಯ್ ಹಿಂದಿನ ದಿನ ಫೋನ್ ಮಾಡಿದ್ದರು.

"ಬೇಟಿ, ನಮ್ಮ ಲಾಡ್ಜ್ ಎಲ್ಲೋ ಕೆಳಗೆ ಹೋಗಿ ಕೂತಿದೆ. ನಿಮ್ದು ಜಾಗದಲ್ಲಿ ಉಂಟಾ?"

"ನಮ್ದೂ ಇಲ್ಲ ಭಾಯ್."

"ಹಾಗಾದ್ರೆ ಗಡಬಡ ಆ ಸರ್ಚ್‌ನವರದ್ದೇ. ನಾನಂತೂ ಏನೂ ಮುಟ್ಟೂದಿಲ್ಲಪ್ಪ."

ಅವರ ಲಾಡ್ಜಿನ ಪುಟಕ್ಕೂ ಅತ್ತಿಗೆಯ ಕೈ ತಾಗಿತ್ತೇ? ದೋಣಿ ಒಡೆದಾಗ ಆಯಿಗೆ ಹಾಕಿದ ಪ್ರಶ್ನೆಯನ್ನು ನನಗೆ ನಾನು ಹಾಕಿಕೊಳ್ಳಲಿಲ್ಲ.

ಈಗ ಕುಮಟಾದಲ್ಲಿ ಇದೇ ನನ್ನ ಹೊಟ್ಟೆಪಾಡು. ಅಂಗಡಿ, ಹೋಂಸ್ಟೇ, ದವಾಖಾನೆ — ಇವರ ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಇಳಿದಾಗಲೆಲ್ಲ ಓಡಿಬರುತ್ತಾರೆ. ಸರ್ಚ್‌ನವರು ತಮ್ಮ ಲೆಕ್ಕಾಚಾರ ಆಗಾಗ ಬದಲಿಸುತ್ತಾರೆ, ಆಗ ಎಲ್ಲರ ಸ್ಥಾನವೂ ಕೆಲವು ವಾರ ತೂಗಾಡುತ್ತದೆ ಎನ್ನುತ್ತೇನೆ. ರಜೆ ಮುಗಿದರೆ ಹುಡುಕುವವರೇ ಕಡಿಮೆ. ಪಕ್ಕದವ ಒಳ್ಳೆಯ ಪುಟ ಮಾಡಿರಬಹುದು. ನಿಮ್ಮ ಪುಟ ತೆರೆಯುವುದೇ ತಡವಾಗುತ್ತಿರಬಹುದು. ಹುಬ್ಬಳ್ಳಿಯಲ್ಲಿ ಕೂತು ಹುಡುಕುವವನಿಗೆ ಕಾಣುವ ಸಾಲೇ ಬೇರೆ. ಮೊದಲು ದಿನಾಂಕ ಹೊಂದಿಸಿ ನೋಡುವಾ, ಹೋದ ವರ್ಷದ ಇದೇ ತಿಂಗಳು ಹೇಗಿತ್ತು ನೋಡುವಾ, ಉಳಿದವರನ್ನು ಕೇಳುವಾ. ಕೆಟ್ಟದ್ದಿದ್ದರೆ ಸರಿಮಾಡುವಾ. ಏನೂ ಸಿಗದಿದ್ದರೆ ಕಾಯುವಾ — ಹೆದರಿ ಎಲ್ಲವನ್ನೂ ಕಿತ್ತುಹಾಕಬೇಡಿ, ಸಿಕ್ಕವರ ತಲೆಗೆ ಕಟ್ಟಬೇಡಿ.

"ದುಡ್ಡು ತಕಂಡು ಕಾಯಿ ಅಂತೀಯಲ್ಲೇ, ನಾನೇ ಕಾಯೂಕೆ ಆಗ್ತಿತ್ತಲ್ಲ!" ಎಂದು ಗೋಡಂಬಿ ಅಂಗಡಿಯವರು ರೇಗಿಸುತ್ತಾರೆ. ನಾನೂ ನಗುತ್ತೇನೆ. ಪರವೂರಿನವರಿಗೆಲ್ಲ ದಿನವೂ ಕೊಡುವ ಈ ನ್ಯಾಯವನ್ನು — ಮನೆಯಲ್ಲಿ ಒಬ್ಬಳಿಗೆ —

ಅಂದು ನಾನು ಅವಳ ಪುಟ ತೆಗೆದು ನನ್ನ ಸ್ವರ್ಗವನ್ನು ತಿರುಗಿ ತಂದಿಟ್ಟೆ. ಕೆಲವು ವಾರಗಳಲ್ಲಿ ಸೈಟು ತಾನಾಗಿ ಮೇಲೆ ಬಂತು. ಏನನ್ನೂ ಮುಟ್ಟದ ಇಮ್ತಿಯಾಜ್ ಭಾಯ್ ಲಾಡ್ಜೂ ಬಂತು. "ನಮ್ಮ ವಕೀಲಮ್ಮ ಸರಿ ಮಾಡಿದ್ಲು" ಎಂದು ಅಣ್ಣ ದೋಣಿಕಟ್ಟೆಯಲ್ಲಿ ಎಲ್ಲರಿಗೂ ಹೇಳಿದ. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಿಡಲಿಲ್ಲ. ಹೊಗಳಿಕೆ ತೆಗೆದುಕೊಂಡೆ.

ಅತ್ತಿಗೆ ಜಗಳವಾಡಲಿಲ್ಲ, ಅಳಲಿಲ್ಲ. ಮೆಲ್ಲಗೆ ಕೈ ಹಿಂದೆ ತೆಗೆದುಕೊಳ್ಳುತ್ತ ಹೋದಳು. ಉಪ್ಪಿನಕಾಯಿಗೆ ಮಿಡಿ ಹಾಕುವಾಗ ಮೊದಲ ಹಿಡಿ ಉಪ್ಪು ಆಯಿಯೇ ಹಾಕಬೇಕೆಂದಳು. ಹೊಸ ದೋಣಿ ನೀರಿಗಿಳಿಸುವ ದಿನ ಅಣ್ಣ ಕುಂಕುಮದ ಬಟ್ಟಲು ಹಿಡಿದು ಕರೆದರೆ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಪಕ್ಕದ ಮನೆಯ ಹುಡುಗಿ ಪರೀಕ್ಷೆಗೆ ಹೊರಟರೆ ಬಾಗಿಲ ಹಿಂದೆ ಸರಿದು ನಿಂತಳು. ಬರೆಯುವುದನ್ನಂತೂ — ಒಂದು ಸಾಲೂ ಇಲ್ಲ.

ಇಷ್ಟೆಲ್ಲ ಕಂಡೂ ನಾನು ಸುಮ್ಮನಿದ್ದೆ. ಈ ಸಲದ ನವರಾತ್ರಿಯ ತನಕ.

ಅಣ್ಣನ ಮಗಳು ಧಾತ್ರಿಗೆ ಅಕ್ಷರಾಭ್ಯಾಸ. ತಟ್ಟೆಯಲ್ಲಿ ಅಕ್ಕಿ ಹರಡಿತ್ತು. ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸಬೇಕು. "ನೀನೇ ಬರೆಸೆ" ಎಂದು ಅಣ್ಣ ಹೆಂಡತಿಯನ್ನು ಕರೆದ.

"ನನ್ನ ಕೈ ಬ್ಯಾಡ. ಅಕ್ಷತಾ ಬರೆಸ್ಲಿ. ಅವ್ಳು ಕೈ ಇಟ್ಟದ್ದೆಲ್ಲ ಮೇಲೆ ಏರ್ತದೆ."

ಕುಹಕವಲ್ಲ. ಕುಹಕವಾಗಿದ್ದರೆ ಎದುರು ಮಾತು ನನ್ನ ಬಳಿ ಇರುತ್ತಿತ್ತು. ಅವಳು ಮನಸಾರೆ ಹೇಳಿದಳು, ಮಗಳಿಗೆ ಒಳ್ಳೆಯದಾಗಲೆಂದು ಹೇಳಿದಳು. ನಾನು — ಬರೆಸಿದೆ. ಆ ಸಣ್ಣ ಬೆರಳು ಹಿಡಿದು ಅಕ್ಕಿಯಲ್ಲಿ 'ಅ' ಬರೆಸಿದೆ. ತಾಯಿಗೆ ಸಲ್ಲಬೇಕಿದ್ದ ಬೆರಳನ್ನು.

ನೆಂಟರು ಹೋದ ಮೇಲೆ ಜಗಲಿಯಲ್ಲಿ ಮೂವರೂ ಇದ್ದಾಗ ಎಲ್ಲ ಹೇಳಿದೆ. ಸೋಮವಾರ, ಗುರುವಾರ, ಭಟ್ಕಳದ ಫೋನು, ನನ್ನ ಸುಳ್ಳು. ಅಣ್ಣ ನನ್ನ ಮುಖ ನೋಡದೆ ಎದ್ದು ದೋಣಿಕಟ್ಟೆಯ ಕಡೆ ನಡೆದ. ಆಯಿ, "ಆದದ್ದು ಆತು, ಹಳೇದೆಲ್ಲ ಎಂತಕ್ಕೆ ಈಗ?" ಎಂದಳು. ಅತ್ತಿಗೆ ಪಾತ್ರೆ ಒಟ್ಟುಮಾಡಿಕೊಂಡು ಹಿತ್ತಲಿಗೆ ಹೋದಳು. ಹಿಂದೆಯೇ ಹೋದೆ.

"ಅತ್ತಿಗೆ, ನಿನ್ನಿಂದ ಇಳದದ್ದಲ್ಲ."

"ನಾ ಕೈ ಬಿಟ್ಟ ಮೇಲೇ ಏರ್ತಲ್ಲ ಅದು?"

"ಅದು ತಂತಾನೇ ಏರಿದ್ದು. ಆಧಾರ ತೋರಿಸ್ತೆ, ಬಾ —"

"ನೀ ತೋರಿಸ್ತೀ ಬಿಡು." ಅವಳು ನನ್ನನ್ನು ನೋಡಿದಳು, ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಸಹಿಸಲಾಗಲಿಲ್ಲ. "ನಿಂಗೆ ಎರಡೂ ಬದಿಗೆ ಮಾತಾಡೂಕೆ ಬತ್ತದೆ ತಂಗಿ. ಆವತ್ತು ಕಾಲು ಒಳ್ಳೇದು ಅಂದೆ, ನಂಬಿದೆ. ಆಮೇಲೆ ಕೈ ಕೆಟ್ಟದ್ದು ಅಂದೆ, ಅದನ್ನೂ ನಂಬಿದೆ. ಈಗ ಯಾವ್ದು ನಂಬೂದು?"

ವಾದವನ್ನು ಅಲ್ಲಿಗೇ ಬಿಟ್ಟೆ.

"ನಿನ್ನ ಪುಟ ನನ್ನ ಹತ್ರ ಹಾಂಗೇ ಇದೆ" ಎಂದೆ. "ತಿರುಗಿ ಹಾಕ್ತೆ. ನಿನ್ನ ಹೆಸರಲ್ಲೇ."

"ಮತ್ತೆ ಇಳದ್ರೆ?"

ಇಳಿಯುವುದಿಲ್ಲ ಎನ್ನಬಹುದಿತ್ತು. ಅವಳಿಗೆ ಬೇಕಿದ್ದದ್ದು ಅದೊಂದೇ ಮಾತು. ಆದರೆ ಸೈಟು ಎಂದೂ ಇಳಿಯದೆಂದು ಮಾತು ಕೊಡುವವನು ಮೋಸಗಾರ ಎಂದು ದಿನವೂ ಗಿರಾಕಿಗಳಿಗೆ ಹೇಳುವವಳು ನಾನು. ಇನ್ನೊಂದು ಸುಳ್ಳಿನಿಂದ ಅವಳನ್ನು ಗೆಲ್ಲುವುದೇ?

"ಇಳೀತದೆ ಅತ್ತಿಗೆ. ಯಾವಾಗಾದ್ರೂ ಇಳದೇ ಇಳೀತದೆ. ನಿನ್ನಿಂದ ಅಲ್ಲ."

"ಹಾಂ, ಮತ್ತೆ" ಎಂದಳು ಅತ್ತಿಗೆ, ತನಗೆ ಮೊದಲೇ ಗೊತ್ತಿದ್ದದ್ದನ್ನು ನಾನೀಗ ಒಪ್ಪಿಕೊಂಡೆನೆಂಬಂತೆ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಆ ಪುಟವನ್ನು ನಾನಿನ್ನೂ ಹಾಕಿಲ್ಲ. ಅವಳು ಹಾಕು ಎನ್ನದೆ ಹಾಕುವ ಹಕ್ಕು ನನಗಿಲ್ಲ. ಅವಳ ಹೆಸರು ಕೆಡಿಸಿದ್ದು ಜಗಲಿಯಲ್ಲಿ. ಜಗಲಿಯಲ್ಲಿ ಹೇಳಿಯಾಯಿತು, ದೋಣಿಕಟ್ಟೆಯಲ್ಲೂ ಹೇಳಿದೆ, ಈಗ ಇಲ್ಲಿ ಬರೆಯುತ್ತಿದ್ದೇನೆ. ಅವಳು ನಂಬಲಿ ಎಂದಲ್ಲ. ಆ ಮಾತು ಸುಳ್ಳು — ಅದಕ್ಕೆ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಧಾತ್ರಿ ಪಾಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಳಪವನ್ನು ತಾಯಿಯ ಕಡೆ ಚಾಚಿ, "ಅಮ್ಮ, ಬರ್ಸು" ಎನ್ನುತ್ತಿದ್ದಳು.

"ನನ್ನ ಕೈ ಒದ್ದೆ ಪುಟ್ಟಿ. ಅತ್ತೆ ಹತ್ರ ಹೋಗು."

ಕೈ ಒದ್ದೆ ಇರಲಿಲ್ಲ. ಮಗು ಬಂದು ನನ್ನ ಮುಂದೆ ಕೂತು ಬಳಪ ಕೊಟ್ಟಿತು. ನಾನು ತೆಗೆದುಕೊಳ್ಳಲಿಲ್ಲ.

"ಅಮ್ಮನ ಕೈ ಒಣಗ್ಲಿ" ಎಂದೆ, ಒಳಗೆ ಕೇಳುವಂತೆ. "ನಾವು ಕಾಯುವಾ."

ಪಾಟಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಬಾಗಿಲ ಕಡೆ ನೋಡುತ್ತ ಕೂತೆವು.