ಅಸಲಿ ಎಂದ ಬಾಯಿ

ಅಂಗಡಿಯ ಹಿಂದಿನ ಕೋಣೆಗೆ ಒಂದು ಕಿಟಕಿ ಇದ್ದದ್ದೇನೋ ನಿಜ. ಆದರೆ ಮಾವನವರು ಅದಕ್ಕೆ ಅಡ್ಡವಾಗಿ ತಗಡಿನ ಬೋರ್ಡುಗಳನ್ನು ಒರಗಿಸಿ ವರ್ಷಗಳಾಗಿದ್ದವು. ಎಲ್ಲವೂ ಹಳೇ ಕಾಲದ ಸೋಡಾ ಜಾಹೀರಾತುಗಳು. ಬಾಟಲಿ ಹಿಡಿದು ನಗುವ ಹೆಂಗಸರು, ಉಕ್ಕುವ ನೊರೆ, ದಪ್ಪಕ್ಷರದ ಹೆಸರುಗಳು. ಅಷ್ಟು ಜನ ತಣ್ಣಗೆ ಕುಡಿದು ನಗುತ್ತಿದ್ದರೆ, ಅವರ ನಡುವೆ ಸೊಸೆಯೊಬ್ಬಳು ದೀಪದ ಸೆಕೆಯಲ್ಲಿ ಬೆವರುತ್ತಾ ಕೂತಿರುತ್ತಿದ್ದಳು.

ಇಂಥ ಹಳೇ ಬೋರ್ಡು ಕೊಂಡು ಮಾರುವುದು ಮಾವನ ವ್ಯಾಪಾರ; ಬಂದದ್ದು ಅಸಲಿಯೋ ನಕಲಿಯೋ ಹೇಳುವುದು ಅವಳ ಕೆಲಸ. ಹಿಂದೆ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ, ಬಟ್ಟೆಯ ಪರದೆಯ ಮೂಲಕ ತಗಡಿನ ಮೇಲೆ ಒತ್ತುತ್ತಿದ್ದರು. ಬಣ್ಣ ದಪ್ಪಗೆ ಕೂರುತ್ತಿತ್ತು. ಕೆಂಪು ಮುಗಿದು ಬಿಳಿ ಶುರುವಾಗುವಲ್ಲಿ ಉಗುರು ತಡೆಯುತ್ತದೆ. ಈಗಿನ ನಕಲಿಯಲ್ಲಿ ಬರೀ ಚುಕ್ಕೆ. ಬರಿಗಣ್ಣಿಗೆ ಕೆಂಪಾಗಿ ಕಂಡದ್ದು ಭೂತಗನ್ನಡಿಯಡಿ ಹಳದಿ, ಗುಲಾಬಿ ಚುಕ್ಕೆಗಳಾಗಿ ಒಡೆಯುತ್ತದೆ. ತುಕ್ಕು ಹಿಡಿಸುವುದು, ಮೊಳೆ ತೂತು ಸವೆಸುವುದು ಯಾರಿಗಾದರೂ ಬರುತ್ತದೆ; ಚುಕ್ಕೆ ಅಡಗಿಸುವುದು ಯಾರಪ್ಪನಿಂದಲೂ ಆಗದು.

ಗಂಡ ಇದ್ದಾಗ ಬೇಸರ ಕಳೆಯಲು ಕಲಿತ ವಿದ್ಯೆ ಅವನು ತೀರಿಕೊಂಡ ಮೇಲೆ ಕೊರಳಿಗೇ ಸುತ್ತಿಕೊಂಡಿತು. ಬೇರೆ ಊರಲ್ಲಿ ಸಸಿಗಳ ನರ್ಸರಿ ಇಟ್ಟಿದ್ದ ತಂಗಿ, "ಅಕ್ಕಾ, ಬಾರೇ, ನನ್ನೊಬ್ಬಳ ಕೈಲಿ ಆಗ್ತಿಲ್ಲ" ಎಂದು ಕರೆಯುತ್ತಲೇ ಇದ್ದಳು. ಮಾವ ಬೈಯುವವರಾಗಿದ್ದರೆ ಜಗಳವಾಡಿಕೊಂಡಾದರೂ ಹೋಗಬಹುದಿತ್ತು. ಅವರೋ, ಬಾಯಿ ಬಿಟ್ಟರೆ ಸಿಹಿ. "ಹೋಗಮ್ಮ, ಬೇಡ ಅಂದೋರ್ಯಾರು? ನಿನ್ನಂಥ ಕಣ್ಣು ಇನ್ನೊಂದು ಸಿಕ್ಕಿದ ದಿನ ನಾನೇ ಬಸ್ಸು ಹತ್ತಿಸ್ತೀನಿ." ಪಾಕದಲ್ಲಿ ಸಿಕ್ಕಿಬಿದ್ದ ಇರುವೆಗೆ ಸಿಹಿಯಿಂದೇನು ಸುಖ, ನೀವೇ ಹೇಳಿ.

ಆ ಇನ್ನೊಂದು ಕಣ್ಣು ಕೊನೆಗೂ ಬಂತು. ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು, ಆಯಸ್ಸೆಲ್ಲ ಇಂಥ ಬೋರ್ಡು ಕೂಡಿಸಿದವರು, ಮನೆಯಲ್ಲಿ ಹೊತ್ತು ಹೋಗದೆ ದಿನಾ ಬಂದು ಅವಳ ಪಕ್ಕ ಕೂರತೊಡಗಿದರು. ಇವರನ್ನೇ ಇಟ್ಟುಕೊಳ್ಳಿ ಎಂದು ಅವಳು ಮಾವನಿಗೆ ಹೇಳಿ ಹೇಳಿ ಸೋತಳು.

"ಮೇಷ್ಟ್ರು ಒಳ್ಳೇವ್ರೇ. ಆದ್ರೆ ನಿನ್ನ ತಪ್ಪು ಹಿಡಿಯೋವಷ್ಟು ಕಣ್ಣು ಅವರಿಗೆಲ್ಲಿದೆ?"

ಹಾಗಾದರೆ ಹಿಡಿಯಲಿ ಎಂದುಕೊಂಡಳು ಅವಳು.

ಮರುವಾರ ಒಂದು ನಿಂಬೆ ಸೋಡಾ ಬೋರ್ಡು ಬಂತು. ಕುರುಡನೂ ನಕಲಿ ಎನ್ನಬೇಕು, ಹಾಗಿತ್ತು. ಉಗುರು ನುಣ್ಣಗೆ ಜಾರುತ್ತಿತ್ತು, ಹಸಿರು ಎಲೆಯ ತುಂಬ ನೀಲಿ ಹಳದಿ ಚುಕ್ಕೆ. ಮಾವ ಎದುರಿಗೇ ನಿಂತಿದ್ದರು.

"ಅಸಲಿ," ಎಂದಳು. ಮಾವ ಬೋರ್ಡು ಎತ್ತುವ ಮೊದಲೇ ಭೂತಗನ್ನಡಿಯನ್ನು ಮೇಷ್ಟ್ರ ಕೈಗಿಟ್ಟಳು. "ನೀವೂ ಒಂದ್ಸಲ ಸರಿಯಾಗಿ ನೋಡಿ."

ಮೇಷ್ಟ್ರು ನೋಡಿದರು. ಕನ್ನಡಿಯನ್ನು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ನೋಡಿದರು. "ಚುಕ್ಕೆ ಕಾಣಿಸ್ತಿದೆಯಲ್ಲಮ್ಮ..."

ಅವಳು ಮುಂದಕ್ಕೆ ಬಾಗಿದಳು. ಹೇಳಿ, ಜೋರಾಗಿ ಹೇಳಿ ಎಂದು ಒಳಗೊಳಗೇ ಬೇಡಿಕೊಂಡಳು.

ಮೇಷ್ಟ್ರು ಕನ್ನಡಿ ಕೆಳಗಿಟ್ಟು ಕಣ್ಣುಜ್ಜಿಕೊಂಡರು. "ನೀನು ಅಸಲಿ ಅಂದ್ಮೇಲೆ ಅದು ಅಸಲಿನೇ. ಇಲ್ದಿರೋ ಚುಕ್ಕೆ ನಂಗೆ ಕಾಣಿಸ್ತಿದೆ ಅಂದ್ರೆ, ನನ್ನ ಕಣ್ಣು ಕೆಟ್ಟಿತು ಅಂತಾಯ್ತು."

"ಅಯ್ಯೋ, ಇಲ್ಲ ಮೇಷ್ಟ್ರೇ! ನಿಮಗೆ ಕಂಡಿದ್ದೇ ಸರಿ. ಇದು ನಕಲಿ. ನಾನೇ ಬೇಕಂತ ಸುಳ್ಳು ಹೇಳ್ದೆ."

ಮಾವ ಮೆಚ್ಚುಗೆಯಿಂದ ತಲೆಯಾಡಿಸಿದರು. "ನೋಡಿದ್ರಾ ಇವಳ ಮನಸ್ಸು? ನಿಮಗೆ ನೋವಾಗ್ಬಾರ್ದು ಅಂತ ಆಡಿದ ಮಾತನ್ನೇ ನುಂಗ್ತಿದ್ದಾಳೆ."

ಅವಳು ಮೇಷ್ಟ್ರ ಕೈ ಹಿಡಿದೆಳೆದು ಬೋರ್ಡಿನ ಮೇಲಿಟ್ಟಳು. "ಮುಟ್ಟಿ ನೋಡಿ! ಎಲ್ಲಿ ತಡೀತು ಉಗುರು?"

"ಬೆರಳೂ ಮರಗಟ್ಟಿರಬೇಕು ಬಿಡಮ್ಮ," ಎಂದು ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು.

ಅವಳಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು. ತಾನು ಹೊರಬೀಳಲು ಬಾಗಿಲು ತೆಗೆಯಹೋಗಿ ಒಬ್ಬ ಮುದುಕರ ಬದುಕಿನ ಹೆಮ್ಮೆಯನ್ನೇ ಮುರಿದಿದ್ದಳು. ಮಾವ ಆಗಲೇ ನಿಂಬೆ ಸೋಡಾವನ್ನು ಅಸಲಿಗಳ ಸಾಲಿಗೆ ಒರಗಿಸುತ್ತಿದ್ದರು.

ಮೇಷ್ಟ್ರು ಎದ್ದು ಹೊರಟವರು ಹೊಸ್ತಿಲಲ್ಲಿ ನಿಂತರು. "ಮನೆ ತುಂಬ ಬೋರ್ಡಿದೆಯಮ್ಮ. ಎಲ್ಲಾ ಈ ಕಣ್ಣು ನಂಬ್ಕೊಂಡೇ ತಂದಿದ್ದು. ನಾಳೆಯಿಂದ ಎರಡೆರಡು ತರ್ತೀನಿ. ನೀನೇ ನೋಡಿ ಹೇಳ್ಬೇಕು."

"ಅದಕ್ಕೇನು, ತನ್ನಿ ಮೇಷ್ಟ್ರೇ," ಎಂದರು ಮಾವ. "ಇವಳು ಎಲ್ಲಿಗೆ ಹೋಗ್ತಾಳೆ?"